ಡಿಕ್ಕಿಯಿಂದ ಹೊರಬಂದ ಡಾಕ್ಟರು

ಹಲ್ಲಿನ ಡಾಕ್ಟರಾಗಿ ಇಪ್ಪತ್ತೆರಡು ವರ್ಷ ಸವೆಸಿದವನು ನಾನು. ಜನರ ಬಾಯಿ ಎಂಬ ಕತ್ತಲ ಗುಹೆಯಲ್ಲಿ, ಸಾಸಿವೆ ಕಾಳಿನಷ್ಟು ಜಾಗದಲ್ಲಿ ಕೈಚಳಕ ತೋರಿಸುವ ನನಗೆ ಹದಿನೇಳೂವರೆ ಅಡಿ ಉದ್ದದ ಕಾರೊಂದನ್ನು ರಿಪೇರಿ ಮಾಡುವುದು ಯಾವ ಮಹಾ ಕೆಲಸ?

"ನೋಡ್ತಿರು! ಈ ಗಾಡಿಯ ಒಂದೊಂದು ನಟ್ಟೂ ನನ್ನ ಕೈಯಿಂದಲೇ ಬಿಗಿಯಾಗುತ್ತೆ. ಇದರ ಬಗ್ಗೆ ಇನ್ನೊಬ್ಬರ ಹತ್ತಿರ ಹೇಳಿಸಿಕೊಳ್ಳೋ ಗಂಡಸಲ್ಲ ನಾನು!" ಎಂದು ಹೆಂಡತಿಯ ಎದುರು ಎದೆ ತಟ್ಟಿಕೊಂಡೆ.

ಹೆಂಡತಿ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಉತ್ಸಾಹಕ್ಕೆ ಅವಳ ಬಳಿ ಮಾರ್ಕ್ಸ್ ಇಲ್ಲ.

"ಎದೆ ಆಮೇಲೆ ತಟ್ಟಿಕೊಳ್ಳೋರಂತೆ. ಮೊದಲು ಬಚ್ಚಲಿನ ನಲ್ಲಿಗೆ ವಾಷರ್ ಹಾಕಿ. ಮೂರು ವಾರದಿಂದ ತೊಟ್ಟಿಕ್ತಿದೆ" ಅಂದಳು.

ಆ ಕಾರನ್ನು ನಾನು ಮೊದಲು ಕಂಡದ್ದು ನನ್ನ ಪೇಷಂಟ್ ಒಬ್ಬರ ಹಿತ್ತಲ ಶೆಡ್ಡಿನಲ್ಲಿ. ಐವತ್ತರ ದಶಕದ ಅಮೆರಿಕನ್ ಕಾರು! ಟಾರ್ಪಾಲಿನ ಕೆಳಗೆ, ಮೂರು ಕೋಳಿ ಮತ್ತು ಒಂದು ಮುರುಕು ತೊಟ್ಟಿಲಿನ ಜೊತೆ ಮಲಗಿತ್ತು. ಟಾರ್ಪಾಲು ಎತ್ತಿದೆ. ಮುಂಭಾಗದ ಕ್ರೋಮಿಯಂ ಗ್ರಿಲ್ಲು ಬಾಯಿ ತುಂಬಾ ನಕ್ಕಿತು. ಇಂಥ ದಂತಪಂಕ್ತಿಯನ್ನು ನನ್ನ ಇಡೀ ವೃತ್ತಿಜೀವನದಲ್ಲಿ ಕಂಡಿರಲಿಲ್ಲ! ಹಿಂದೆ ಎರಡು ರೆಕ್ಕೆ, ನಡುವೆ ಸೋಫಾದಂಥ ಸೀಟು, ಬದಿಯಲ್ಲಿ ಆಕಾಶನೀಲಿ ಮತ್ತು ಕೆನೆ ಬಣ್ಣ. ಅಲ್ಲೇ ಬೆಲೆ ಮಾತಾಡಿ ಕೊಂಡು, ಅವಳಿಗೆ 'ಮಹಾರಾಣಿ' ಎಂದು ಹೆಸರಿಟ್ಟೆ. ಹೆಂಡತಿ 'ಸವತಿ' ಎಂದು ಹೆಸರಿಟ್ಟಳು.

ಎಂಟು ತಿಂಗಳು ಮಹಾರಾಣಿಯ ವಾಸ ನನ್ನ ಮೆಕ್ಯಾನಿಕ್‌ನ ಶೆಡ್ಡಿನಲ್ಲಿ. ಅವನನ್ನು ಎಲ್ಲರೂ ಗ್ರೀಸಣ್ಣ ಅನ್ನುತ್ತಾರೆ. ಒಂದೊಂದು ನಟ್ಟನ್ನೂ ನಾನೇ ಬಿಗಿಯುತ್ತೇನೆಂದು ಮೇಲೆ ಹೇಳಿದೆನಲ್ಲ, ಅದರಲ್ಲಿ ಸಣ್ಣ ತಿದ್ದುಪಡಿ: ಬಿಗಿದವನು ಗ್ರೀಸಣ್ಣ, ಟಾರ್ಚು ಹಿಡಿದವನು ನಾನು. ಪ್ರತಿ ಭಾನುವಾರ ಅವಳನ್ನು ಶೆಡ್ಡಿನ ಎದುರಿನ ಬಯಲಿನಲ್ಲಿ ಎರಡು ಸುತ್ತು ಓಡಿಸುತ್ತಿದ್ದೆ. ಮುಂದಕ್ಕೆ ಮಾತ್ರ. ಅಷ್ಟು ದೊಡ್ಡ ಬಯಲಿನಲ್ಲಿ ಹಿಂದಕ್ಕೆ ಹೋಗುವ ದರ್ದು ಯಾರಿಗಿದೆ? ಗ್ರೀಸಣ್ಣ ಒಮ್ಮೆ, "ಡಾಕ್ಟ್ರೇ, ರಿವರ್ಸ್ ಕೂಡ ಒಂದಿಷ್ಟು ಅಭ್ಯಾಸ ಮಾಡ್ಕೊಳ್ಳಿ" ಅಂದ. "ಮಹಾರಾಣಿ ಹಿಂದೆ ಸರಿಯೋದಿಲ್ಲಪ್ಪ!" ಎಂದು ಗತ್ತಿನಿಂದ ಉತ್ತರಿಸಿದೆ. ಗ್ರೀಸಣ್ಣ ಕೈ ಒರೆಸಿಕೊಂಡು ಬಾನೆಟ್ಟಿನ ಕೆಳಗೆ ತಲೆ ತೂರಿಸಿದ.

ಈಗ ಆ ದಿನದ ಕಥೆಗೆ ಬರುತ್ತೇನೆ. ಹೆಂಡತಿಯ ಶಾಲೆಗೆ ಇಪ್ಪತ್ತೈದು ವರ್ಷ ತುಂಬಿದ ಸಮಾರಂಭ, ಸಂಜೆ ಐದಕ್ಕೆ. ಅಲ್ಲಿನ ದೊಡ್ಡ ಮೇಡಂ, ಅಂದರೆ ಹೆಡ್‌ಮಿಸ್ಟ್ರೆಸ್ಸು, ಮುಖ್ಯ ಭಾಷಣ ಮಾಡಬೇಕು. ಹೆಂಡತಿಗೆ ಬಡ್ತಿ ಕೊಡುವ ಕಾಗದ ಅವರ ಮೇಜಿನ ಮೇಲೆಯೇ ಕೂತಿದೆ. ಹೀಗಿರುವಾಗ ಹಿಂದಿನ ದಿನ ಅವರ ಮುಂದಿನ ಹಲ್ಲಿನ ಕ್ಯಾಪು ಕಳಚಿಬಿತ್ತು! ನಾನು ಫೋನಿನಲ್ಲಿ ಅಭಯ ಕೊಟ್ಟೆ: "ನಾಳೆ ಹನ್ನೊಂದು ಗಂಟೆಗೆ ಮನೆಗೇ ಬನ್ನಿ ಮೇಡಂ. ಮುಂದಿನ ಕೋಣೆಯೇ ನನ್ನ ಕ್ಲಿನಿಕ್ಕು. ಹಲ್ಲು ಕೂರಿಸಿ, ನನ್ನ ಅಮೆರಿಕನ್ ಕಾರಿನಲ್ಲಿ ನಿಮ್ಮನ್ನೂ ಕೂರಿಸಿ, ಸಮಾರಂಭಕ್ಕೆ ಮಹಾರಾಣಿಯ ಹಾಗೆ ಕರಕೊಂಡು ಹೋಗ್ತೀನಿ!"

ಆ ಬೆಳಿಗ್ಗೆ ಕಾರನ್ನು ಮೊದಲ ಬಾರಿಗೆ ಮನೆಗೆ ತಂದೆ. ಬೀದಿಯ ಜನ ಬಾಗಿಲಿಗೆ ಬಂದು ನೋಡಿದರು. ಒಬ್ಬರು ಹಲ್ಲುಜ್ಜುವ ಬ್ರಷ್ಷನ್ನು ಬಾಯಲ್ಲೇ ಮರೆತು ನಿಂತಿದ್ದರು. ಡಾಕ್ಟರನಾಗಿ ನನಗೆ ಎರಡು ಪಟ್ಟು ಸಂತೋಷವಾಯಿತು!

ನಮ್ಮ ಗ್ಯಾರೇಜು ಮನೆ ಕಟ್ಟಿದ ಮೇಲೆ ಪಕ್ಕಕ್ಕೆ ಅಂಟಿಸಿದ್ದು. ಹಾಗಾಗಿ ಅಡುಗೆಮನೆಯ ಕಿಟಕಿ ನೇರವಾಗಿ ಗ್ಯಾರೇಜಿನೊಳಕ್ಕೆ ಕಣ್ಣು ಬಿಡುತ್ತದೆ. ಗ್ಯಾರೇಜಿನ ಅಳತೆಯನ್ನು ನಾನು ಟೇಪು ಹಿಡಿದು ಮೊದಲೇ ತೆಗೆದಿದ್ದೆ. "ಒಂದ್ಸಲ ನಾನೂ ನೋಡ್ಲಾ?" ಎಂದು ಹೆಂಡತಿ ಕೇಳಿದ್ದಳು. "ಇದು ಮಕ್ಕಳ ಲೆಕ್ಕ ಅಲ್ಲ ಕಣೇ" ಅಂದಿದ್ದೆ. ನನ್ನ ಅಳತೆ ತಪ್ಪಾಗಿರಲಿಲ್ಲ! ಕಾರು ಒರೆಯೊಳಗೆ ಕತ್ತಿ ಇಳಿದಂತೆ ಇಳಿಯಿತು. ಎರಡೂ ಬದಿಗೆ ತಲಾ ಅರ್ಧ ಅಡಿ ಜಾಗ ಉಳಿಯಿತು. ಎಂಜಿನ್ ನಿಲ್ಲಿಸಿ, ಮೀಸೆ ತಿರುವಿ, ಬಾಗಿಲು ತೆರೆದೆ.

ಟಣ್!

ಬಾಗಿಲು ಗೋಡೆಗೆ ಬಡಿಯಿತು. ತೆರೆದ ಸಂದಿಯಲ್ಲಿ ನನ್ನ ಮೊಣಕೈ ಹೋಯಿತು. ಹೊಟ್ಟೆ ಹೋಗಲಿಲ್ಲ. ಕಾರಿನ ಬಾಗಿಲು ಹೊರಗಡೆಗೆ ತೆರೆದುಕೊಳ್ಳುತ್ತದೆ ಎಂಬ ಕಿರುವಿಷಯ ನನ್ನ ಲೆಕ್ಕದಿಂದ ಜಾರಿಹೋಗಿತ್ತು! ಬಲಗಡೆಗೆ ಜರುಗಿ ಆ ಬಾಗಿಲನ್ನೂ ನೋಡಿದೆ. ಟಣ್! ಕಿಟಕಿಯ ಗಾಜು ಇಳಿಸೋಣವೆಂದರೆ ಇಳಿಸುವ ಹಿಡಿಗಳೇ ಇಲ್ಲ. ನಾಲ್ಕನ್ನೂ ನಾನೇ ಬಿಚ್ಚಿ ಹೊಳಪು ಹಾಕಿಸಲು ಕೊಟ್ಟಿದ್ದೆ. ತೆರೆಯುವುದೆಂದರೆ ಮುಂದಿನ ಬಾಗಿಲ ಮೂಲೆಯ ತ್ರಿಕೋನದ ಪುಟ್ಟ ಗಾಜು ಮಾತ್ರ. ಅದರಲ್ಲಿ ಒಂದು ಕೈ ತೂರೀತು.

ಇರಲಿ, ಹಿಂದಕ್ಕೆ ತೆಗೆದರಾಯಿತು! ಎಂಜಿನ್ ಚಾಲೂ ಮಾಡಿ, ಸ್ಟೀರಿಂಗ್ ಪಕ್ಕದ ಗೇರ್ ಕೋಲನ್ನು ಮೇಲೆತ್ತಿದೆ. ಕಾರು ಒಂದು ಗೇಣು ಮುಂದೆ ಹೋಗಿ ಗೋಡೆಗೆ ಮುತ್ತಿಟ್ಟಿತು. ಕೆಳಗಿಳಿಸಿದೆ. ಮತ್ತೊಂದು ಮುತ್ತು. ಗಾಬರಿಯಾಗಿ ಎಂಜಿನ್ ನಿಲ್ಲಿಸಿ ಹಾರ್ನ್ ಒತ್ತಿದೆ. ಅದು ಹಾರ್ನಲ್ಲ, ಬಂದರು ಬಿಡುವ ಹಡಗಿನ ಕೂಗು!

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿಯ ಮುಖ ಕಾಣಿಸಿತು.

"ರೀ, ಯಾಕ್ರೀ ಹಾಗೆ ಬಡ್ಕೋತಿದೀರಿ? ಒಳಗೆ ಬನ್ನಿ, ತಿಂಡಿ ಆರ್ತಿದೆ."

"ಬರೋಕಾಗಲ್ಲ ಕಣೇ."

"ಯಾಕೆ, ಸವತಿ ಬಿಡ್ತಿಲ್ವಾ?"

"ಬಾಗಿಲು ತೆಗೆಯೋಕೆ ಜಾಗ ಇಲ್ಲ!"

ಅವಳು ಕಿಟಕಿಯ ಸರಳಿಗೆ ಹಣೆ ಒತ್ತಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.  ಆಮೇಲೆ ನೆಲದ ಮೇಲೆ ಕೂತು ನಕ್ಕ ಸದ್ದು ಮಾತ್ರ ಕೇಳಿಸಿತು. ಕಿಟಕಿಯಲ್ಲಿ ಮುಖವಿಲ್ಲ, ನಗು ಇದೆ! ನನಗೆ ಅಳುವೇ ಬಂತು.

ಗ್ರೀಸಣ್ಣನಿಗೆ ಫೋನು ಮಾಡಿದೆ. ಮಗಳ ಈಜು ಸ್ಪರ್ಧೆಗೆಂದು ಅವನು ಬೇರೆ ಊರಿಗೆ ಹೋಗಿದ್ದ. ಹಿಂದೆ ನೀರು ಚಿಮ್ಮುವ ಸದ್ದು, ಜನರ ಕೂಗು.

"ರಿವರ್ಸ್ ಬೀಳ್ತಿಲ್ಲ ಗ್ರೀಸಣ್ಣ!"

"ಸರಿಯಾಗಿ ಹಾಕ್ತಿದೀರಾ ಡಾಕ್ಟ್ರೇ? ಕೋಲನ್ನ ಮೊದಲು..."

"ಏನಯ್ಯಾ, ಗೇರ್ ಹಾಕೋದು ನನಗೆ ಹೇಳಿಕೊಡ್ತೀಯಾ? ಎಂಟು ತಿಂಗಳಿಂದ ಓಡಿಸ್ತಿಲ್ವಾ?"

"ಹಾಗಾದ್ರೆ ಒಳಗೇನೋ ಸಿಕ್ಕಾಕೊಂಡಿರಬೇಕು. ನಾನು ಬರೋದು ನಾಳೆ."

"ನಾಳೆವರೆಗೆ ನಾನು ಇಲ್ಲೇ ಇರ್ಲಾ?"

"ಸೀಟು ಚೆನ್ನಾಗಿದೆಯಲ್ಲ ಡಾಕ್ಟ್ರೇ!" ಅಂದ ದುಷ್ಟ. ಆಮೇಲೆ ಕನಿಕರ ಬಂದಿರಬೇಕು, "ಹಿಂದಿನ ಸೀಟಿನ ಒರಗು ಬಿಚ್ಚಿ. ಅದರ ಹಿಂದೆ ಬರೀ ರಟ್ಟಿದೆ. ರಟ್ಟು ತೆಗೆದ್ರೆ ಡಿಕ್ಕಿ. ಯಾರಾದ್ರೂ ಹೊರಗಿಂದ ಡಿಕ್ಕಿ ತೆರೆದ್ರೆ ನೀವು ಹೊರಗೆ" ಎಂದು ದಾರಿ ತೋರಿಸಿದ.

ಹೆಂಡತಿ ತಿಂಡಿಯ ದೋಸೆಯನ್ನು ಸುರುಳಿ ಮಾಡಿ ಸರಳಿನೊಳಗಿಂದ ತ್ರಿಕೋನದ ಗಾಜಿಗೆ ತೂರಿಸಿದಳು. ಹಿಂದೆಯೇ ಸ್ಪ್ಯಾನರ್ ಬಂತು. ಮೃಗಾಲಯದ ಪ್ರಾಣಿಗಳ ಮೇಲೆ ನನಗೆ ಅಂದಿನಿಂದ ವಿಶೇಷ ಮಮತೆ!

ಹಿಂದಿನ ಸೀಟಿಗೆ ಹಾರಿ, ಬೋಲ್ಟಿನ ಜೊತೆ ಗುದ್ದಾಡುತ್ತಿದ್ದೆ. ಅಷ್ಟರಲ್ಲಿ ಹನ್ನೊಂದು ಹೊಡೆಯಿತು. ಬಾಗಿಲಿನ ಕರೆಗಂಟೆ ಸದ್ದು ಮಾಡಿತು. ಹೆಂಡತಿಯ ಮುಖ ಮತ್ತೆ ಕಿಟಕಿಗೆ ಬಂತು. ಈ ಸಲ ನಗುವಿರಲಿಲ್ಲ.

"ರೀ, ದೊಡ್ಡ ಮೇಡಂ ಬಂದ್ರು! ಏನು ಹೇಳಲಿ?"

"ಆಪರೇಷನ್‌ನಲ್ಲಿದ್ದಾರೆ ಅನ್ನು."

"ಯಾರ ಆಪರೇಷನ್ನು? ಈ ತಗಡಿಂದಾ?"

ಅವಳು ತಿರುಗುವಷ್ಟರಲ್ಲಿ ದೊಡ್ಡ ಮೇಡಂ ಅಡುಗೆಮನೆಗೇ ಬಂದುಬಿಟ್ಟಿದ್ದರು. ಇಸ್ತ್ರಿ ಹಾಕಿದ ರೇಷ್ಮೆ, ಕೈಯಲ್ಲಿ ಭಾಷಣದ ಹಾಳೆ, ಬಾಯಿಗೆ ಅಡ್ಡ ಕರ್ಚೀಫು. ಕಿಟಕಿಯಿಂದ ಬಗ್ಗಿ ನನ್ನನ್ನು ನೋಡಿದರು. ನಾನು ಮುಂದಿನ ಸೀಟಿಗೆ ನೆಗೆದು, ಕೈಮುಗಿದು, ನಗಲು ಪ್ರಯತ್ನಿಸಿದೆ.

"ಡಾಕ್ಟ್ರೇ," ಅವರು ಕರ್ಚೀಫು ತೆಗೆದರು, "ಫಂಜೆ ಫಮಾರಂಭ!"

"ಗೊತ್ತು ಮೇಡಂ."

"ಇಪ್ಪತ್ತೈದು ವರುಫದ ಫಾಧನೆ ಓದಬೇಕು! ಮೊದಲನೇ ಮಾತೇ 'ಫಭಿಕರೇ' ಅಂತಿದೆ!"

ಹೆಂಡತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದಳು. ಬಡ್ತಿಯ ಕಾಗದ ನನ್ನ ಕಣ್ಣೆದುರೇ ಹಾರಿಹೋಗುತ್ತಿತ್ತು. ಏನಾದರೂ ಮಾಡಲೇಬೇಕು! "ಮೇಡಂ, ಸ್ಟೂಲ್ ಮೇಲೆ ಕೂತು, ಬಾಯಿ ಸರಳಿನ ಹತ್ತಿರ ತನ್ನಿ. ಆ... ಅನ್ನಿ" ಎಂದೆ. ಅವರು ಆ ಎಂದರು. ನಾನು ತ್ರಿಕೋನದಿಂದ ಟಾರ್ಚು ಚಾಚಿದೆ. ಬೇರು ಗಟ್ಟಿಯಾಗಿತ್ತು, ಬುಡ ಸ್ವಚ್ಛವಾಗಿತ್ತು. ಇಪ್ಪತ್ತೇ ನಿಮಿಷದ ಕೆಲಸ! ಆದರೆ ಆ ಕೆಲಸಕ್ಕೆ ಎರಡು ಕೈ ಬೇಕು, ತ್ರಿಕೋನದಲ್ಲಿ ತೂರುವುದು ಒಂದೇ.

"ಕ್ಯಾಪು ಕೂರುತ್ತೆ ಮೇಡಂ, ಚಿಂತೆ ಬೇಡ."

"ಅದು ಕೂರುತ್ತೆ," ಎಂದರು ಮೇಡಂ, "ನೀವು ಏಳೋದು ಯಾವಾಗ?"

ಕಾರಿನ ಕೀಲಿಯನ್ನು ಹೆಂಡತಿಯ ಕೈಗೆ ಕೊಟ್ಟು, ಹಿಂದಿನ ಸೀಟಿಗೆ ಹಾರಿ, ಆಂಜನೇಯನ ಆವೇಶದಲ್ಲಿ ಒರಗನ್ನು ಕಿತ್ತೆ. ರಟ್ಟಿಗೆ ಒಂದು ಒದೆ. ಡಿಕ್ಕಿಯ ಕತ್ತಲು ತೆರೆದುಕೊಂಡಿತು. ಹೊರಗೆ ಕೀಲಿ ತಿರುಗಿದ ಸದ್ದು. ಮುಚ್ಚಳ ಎದ್ದು ಬೆಳಕು ಬಂತು. ಬೆಳಕಿನಲ್ಲಿ ಎರಡು ಮುಖ: ಹೆಂಡತಿ, ದೊಡ್ಡ ಮೇಡಂ. ನಾನು ತಲೆ ಮುಂದೆ ಮಾಡಿ ತೂರಿದೆ. ತಲೆ ಬಂತು, ಹೆಗಲು ಬಂತು, ಹೊಟ್ಟೆ ನಿಂತಿತು.

ಜನ ಡಿಕ್ಕಿ ಹೊಡೆದು ಆಸ್ಪತ್ರೆ ಸೇರುತ್ತಾರೆ. ಡಿಕ್ಕಿಯಲ್ಲಿ ಸಿಕ್ಕಿಕೊಂಡ ಡಾಕ್ಟರು ನಾನೊಬ್ಬನೇ ಇರಬೇಕು!

"ಉಸಿರು ಒಳಗೆ ಎಳಕೊಳ್ಳಿ" ಅಂದಳು ಹೆಂಡತಿ.

"ಎಳ್ಕೊಂಡೇ ಇದೀನಿ. ಎಳೆಯೋಕೆ ಇನ್ನು ಉಸಿರೇ ಇಲ್ಲ!"

"ಮೇಡಂ, ನೀವು ಆ ಕೈ ಹಿಡೀರಿ, ನಾನು ಈ ಕೈ ಹಿಡೀತೀನಿ." ಅವಳು ಬಗ್ಗಿ, ನನ್ನ ಮುಖದ ಹತ್ತಿರ ಬಂದು, ನಾನು ದಿನಕ್ಕೆ ಹತ್ತು ಸಲ ಪೇಷಂಟುಗಳಿಗೆ ಹೇಳುವ ಮಾತನ್ನು ಅದೇ ಮಧುರ ಧ್ವನಿಯಲ್ಲಿ ಹೇಳಿದಳು: "ಏನೂ ಇಲ್ಲ, ಒಂಚೂರು ಎಳೆದ ಹಾಗಾಗುತ್ತೆ, ಅಷ್ಟೆ."

ಎಳೆದರು! ಒರಟು ದವಡೆಯಿಂದ ಬುದ್ಧಿಹಲ್ಲು ಬಂದಂತೆ ನಾನು ಬುಡಸಮೇತ ಈಚೆ ಬಂದೆ. ಎರಡು ಗುಂಡಿ ಅಲ್ಲೇ ಉಳಿದವು. ದೊಡ್ಡ ಮೇಡಂ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿ, "ಫದ್ಯ!" ಅಂದರು.

ಮೊಣಕೈವರೆಗೆ ಸೋಪು ಹಚ್ಚಿ ಮೂರು ಸಲ ಕೈ ತೊಳೆದು, ಕೈಗವಸು ಹಾಕಿ ಕೆಲಸಕ್ಕೆ ಕೂತೆ. ಕುರ್ಚಿಯ ಪಕ್ಕ ನಿಂತರೆ ನಾನು ಇಂದಿಗೂ ರಾಜನೇ. ಕ್ಯಾಪು ಕೂರಿಸಿ, ಕಚ್ಚಿಸಿ, ಉಜ್ಜಿ ಸರಿಮಾಡಿದೆ. "ಹೇಳಿ ಮೇಡಂ."

"ಸಭಿಕರೇ," ಅಂದರು. "ಸಂಜೆ. ಸಮಾರಂಭ. ಸಾಧನೆ!" ಕಣ್ಣಲ್ಲಿ ನೀರು ತುಂಬಿಕೊಂಡರು. "ಡಾಕ್ಟ್ರೇ, ರಾತ್ರಿಯಿಡೀ ನಿದ್ದೆ ಮಾಡಿಲ್ಲ ಗೊತ್ತಾ? ಇಪ್ಪತ್ತೈದು ವರ್ಷ ಮಕ್ಕಳಿಗೆ ಮಾತು ಕಲಿಸಿದೋಳು, ಅವರೆದುರೇ ನಗೆಪಾಟಲಾಗ್ತೀನಿ ಅಂತ ಹೆದರಿದ್ದೆ."

ನಾನು ನೀರಿನ ಲೋಟವನ್ನು ಅವರ ಕೈಗೆ ಕೊಟ್ಟೆ. "ಕಾರಿಲ್ಲ, ಕ್ಷಮಿಸಿ ಮೇಡಂ. ಗೇರು ಕೆಟ್ಟಿದೆ" ಅನ್ನುವಷ್ಟರಲ್ಲಿ ಹೊರಗೆ ಗುರ್ ಎಂಬ ಗಂಭೀರ ಗರ್ಜನೆ ಕೇಳಿಸಿತು.

ಓಡಿಹೋಗಿ ನೋಡಿದರೆ, ಮಹಾರಾಣಿ ನಡುಬೀದಿಯಲ್ಲಿ ಬಿಸಿಲಿಗೆ ಹಲ್ಲು ಕಿರಿಯುತ್ತ ನಿಂತಿದ್ದಾಳೆ! ಸ್ಟೀರಿಂಗ್ ಹಿಂದೆ ಹೆಂಡತಿ. ಕೂದಲಲ್ಲಿ ಜೇಡರಬಲೆ, ತೊಡೆಯ ಮೇಲೆ ತೆರೆದ ಒಂದು ಹಳೆಯ ಪುಸ್ತಕ.

"ಇದು... ಹೇಗೆ? ಒಳಗೆ ಹೇಗೆ ಹೋದೆ?"

"ನೀವು ಬಂದ ದಾರಿಯಲ್ಲೇ. ನನಗೆ ಹೊಟ್ಟೆ ಅಡ್ಡ ಬರಲಿಲ್ಲ."

"ಗೇರು?"

"ಕೆಟ್ಟಿರಲಿಲ್ಲ ರೀ. ರಿವರ್ಸ್‌ಗೆ ಕೋಲನ್ನ ಮೊದಲು ನಮ್ಮ ಕಡೆ ಎಳಕೊಂಡು ಆಮೇಲೆ ಮೇಲೆತ್ತಬೇಕಂತೆ. ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಈ ಪುಸ್ತಕ ಇತ್ತು. ಹನ್ನೊಂದನೇ ಪುಟ, ಚಿತ್ರ ಸಮೇತ."

ಎಂಟು ತಿಂಗಳು ಆ ಖಾನೆಯನ್ನು ನಾನು ಕರ್ಚೀಫು ಇಡಲು ಬಳಸಿದ್ದೆ.

ದೊಡ್ಡ ಮೇಡಂ ಊಟ ನಮ್ಮಲ್ಲೇ ಮಾಡಿದರು. ನಾಲ್ಕಕ್ಕೆ ಇಬ್ಬರೂ ಹೊರಟು ನಿಂತರು. "ನೀವು ಸ್ನಾನ ಮಾಡಿ ಬಸ್ಸಿನಲ್ಲಿ ಬನ್ನಿ. ಗ್ರೀಸು ಹೋಗೋಕೆ ಹೊತ್ತು ಹಿಡಿಯುತ್ತೆ" ಎಂದಳು ಹೆಂಡತಿ. ಮೇಡಂ ಮುಂದಿನ ಸೀಟಿನಲ್ಲಿ ನಿಜವಾದ ಮಹಾರಾಣಿಯಂತೆ ಒರಗಿ ಕೂತರು. ಹೆಂಡತಿ ಒಂದೇ ಕೈಯಲ್ಲಿ ಸ್ಟೀರಿಂಗ್ ತಿರುಗಿಸಿ ತಿರುವಿನಲ್ಲಿ ಮರೆಯಾದಳು. ನಿಜ ಹೇಳುತ್ತೇನೆ, ಲೈಸೆನ್ಸನ್ನೂ ನನಗಿಂತ ಮೊದಲೇ ತೆಗೆದವಳು ಅವಳು, ಕಾರನ್ನೂ ನನಗಿಂತ ಚೆನ್ನಾಗಿ ಓಡಿಸಿದಳು. ಅವಳ ಕೈಯಲ್ಲಿ ಮಹಾರಾಣಿ ಕೆಮ್ಮಲೂ ಇಲ್ಲ!

ಮೂರು ಸೋಪು ಸವೆಸಿ, ಎರಡು ಬಸ್ಸು ಬದಲಿಸಿ ನಾನು ಶಾಲೆ ತಲುಪುವ ಹೊತ್ತಿಗೆ ಭಾಷಣದ ಚಪ್ಪಾಳೆ ಬೀದಿಯವರೆಗೆ ಕೇಳುತ್ತಿತ್ತು. ಗೇಟಿನ ಒಳಗೆ ಕಾರು ನಿಂತಿತ್ತು. ಸುತ್ತ ಜನವೋ ಜನ! ಯಾರೋ ಹಿಂದಿನ ರೆಕ್ಕೆಯ ಮೇಲೆ ಬೆರಳಚ್ಚು ಮೂಡಿಸಿದ್ದರು. ಜೀವ ತಡೆಯದೆ ಕರ್ಚೀಫು ತೆಗೆದು ಒರೆಸಲು ಹೋದೆ.

"ಏಯ್, ಯಾರ್ರೀ ಅದು? ಮುಟ್ಟಬೇಡಿ!" ವಾಚ್‌ಮನ್ ಬಂದು ಅಡ್ಡ ನಿಂತ. "ಲೆಕ್ಕದ ಮೇಡಂ ಗಾಡಿ ಅದು. ಏನು ಓಡಿಸ್ತಾರೆ ಅಂತೀರಿ! ಅವರ ಯಜಮಾನ್ರು ಇವತ್ತು ಬೆಳಿಗ್ಗೆ ಇದರೊಳಗೇ ಸಿಕ್ಕಾಕೊಂಡಿದ್ರಂತೆ, ದೊಡ್ಡ ಮೇಡಂ ಭಾಷಣದಲ್ಲೇ ಹೇಳಿದ್ರು. ಜನ ಬಿದ್ದೂ ಬಿದ್ದೂ ನಕ್ಕರು! ಡಾಕ್ಟರಂತೆ ಬೇರೆ. ಎಂಥಾ ಪೆದ್ದ ಇರಬೇಕು ಅಲ್ವಾ?"

"ಇರಬೇಕು, ಇರಬೇಕು" ಎಂದೆ, ಕರ್ಚೀಫನ್ನು ಮೆಲ್ಲಗೆ ಜೇಬಿಗೆ ಸೇರಿಸುತ್ತ.

"ಯಾಕೆ ಸಾರ್, ನಿಮಗೆ ಗೊತ್ತಾ ಅವರು?"

"ಇಲ್ಲಪ್ಪ," ಎಂದೆ. "ಕನ್ನಡಿಯಲ್ಲಿ ಮುಖಪರಿಚಯ, ಅಷ್ಟೆ."