ಕೊಟ್ಟಷ್ಟೇ ವಾಪಸ್ ಕೊಡುವ ಪೆಟ್ಟಿಗೆ

ಮಳವಳ್ಳಿಯ ಹೈಸ್ಕೂಲಿನಲ್ಲಿ ಹನ್ನೆರಡು ವರ್ಷ ವಿಜ್ಞಾನ ಕಲಿಸಿದವನು ನಾನು. ವಿದ್ಯುತ್ತಿನ ಪಾಠವನ್ನಂತೂ ಪುಸ್ತಕ ಮುಚ್ಚಿಟ್ಟೇ ಮಾಡುತ್ತಿದ್ದೆ. ಆದ್ದರಿಂದ ನಾದಿನಿ ನಾಗರತ್ನಳನ್ನು ನೋಡಲು ಬರುವ ಗಂಡು ಲೈನ್‌ಮನ್ ಎಂದು ತಿಳಿದಾಗ, ಅವಳ ಮನೆಗೆ ಬೆಳಕು ಕೊಡುವ ಹೊಣೆಯನ್ನು ಯಾರೂ ಕೇಳದಿದ್ದರೂ ವಹಿಸಿಕೊಂಡೆ.

ಹಲಗೂರಿನಾಚೆಯ ಆ ಹಳ್ಳಿಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಹಿಂದೆ ಬಂದ ಇಬ್ಬರು ಗಂಡುಗಳು ತಿಂಡಿ ತಿಂದು ಹೋದವರು ಮತ್ತೆ ಸುದ್ದಿ ಕಳಿಸಿರಲಿಲ್ಲ. ಇದಾದರೂ ಕೂಡಿಬರಲಿ ಎಂದು ಮನೆಯವರೆಲ್ಲ ಹರಕೆ ಹೊತ್ತಿದ್ದರು. ನಾನು ಇನ್ವರ್ಟರ್ ಜೋಡಿಸಿದೆ. ಭಾವಮೈದ ಚನ್ನೇಗೌಡನ ಟ್ರಾಕ್ಟರ್ ಬ್ಯಾಟರಿಯಿಂದ ಟ್ಯೂಬ್‌ಲೈಟು ಉರಿಸುವ ಯಂತ್ರ ಅದು. ಶಾಕ್ ಹೊಡೆಯದಂತೆ ಮಧ್ಯೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರಬೇಕೆಂದು ಪುಸ್ತಕದಲ್ಲಿತ್ತು. ಒಳಗೆ ಇನ್ನೂರ ಮೂವತ್ತು ವೋಲ್ಟ್, ಹೊರಗೂ ಇನ್ನೂರ ಮೂವತ್ತೇ.

“ಕೊಟ್ಟಷ್ಟೇ ವಾಪಸ್ ಕೊಡೋದಾದ್ರೆ ಆ ಪೆಟ್ಗೆ ಯಾಕ್ರೀ?” ಎಂದಳು ಹೆಂಡತಿ ಸರೋಜ.

“ಅದೆಲ್ಲ ವಿಜ್ಞಾನ, ನಿನಗೆ ತಿಳಿಯಲ್ಲ” ಎಂದೆ. ನನಗೂ ಪೂರ್ತಿ ತಿಳಿದಿರಲಿಲ್ಲ ಎಂದು ಹೇಳುವ ಸಂದರ್ಭ ಅದಾಗಿರಲಿಲ್ಲ.

ಮದ್ದೂರಿನ ಮೋಟಾರ್ ವೈಂಡಿಂಗ್ ಅಂಗಡಿಯ ಸಾಬರು ಎರಡು ಪೆಟ್ಟಿಗೆ ಮುಂದಿಟ್ಟರು. ಹಗುರಾದದ್ದರಲ್ಲಿ ಒಂದೇ ಸುರುಳಿ. ಭಾರದ್ದರಲ್ಲಿ ಎರಡು, ಒಂದಕ್ಕೊಂದು ತಾಗದಂತೆ. ಒಳಬರುವ ಕರೆಂಟನ್ನೂ ಹೊರಹೋಗುವುದನ್ನೂ ಬೇರೆಬೇರೆಯಾಗಿಡುವುದು ಅದೇ ಎಂದು ನಾನು ಭಾರದ್ದನ್ನೇ ಆರಿಸಿದೆ. ಇಡೀ ಪ್ರಕರಣದಲ್ಲಿ ನಾನು ಮಾಡಿದ ಸರಿಯಾದ ಕೆಲಸ ಅದೊಂದೇ.

“ಮೇಷ್ಟ್ರೇ, ಹೊರಗೆ ಬರೋ ವೈರನ್ನ ಮಾತ್ರ ಅರ್ಥಿಂಗ್‌ಗೆ...” ಎಂದು ಸಾಬರು ಶುರುಮಾಡಿದರು.

“ಅರ್ಥಿಂಗ್ ವಿಷಯ ನನಗೇ ಹೇಳ್ತೀರಾ ಸಾಬ್ರೇ?” ಎಂದು ನಕ್ಕು ಬಸ್ಸು ಹತ್ತಿದೆ.

ಗಂಡಿನವರು ಬರುವ ದಿನ ಅಂಗಳದಲ್ಲಿ ಅರ್ಥಿಂಗ್‌ಗೆಂದು ಗುಂಡಿ ತೋಡಿಸಿ, ಇದ್ದಿಲು, ಉಪ್ಪು ತುಂಬಿಸಿ, ಟ್ರಾನ್ಸ್‌ಫಾರ್ಮರಿನಿಂದ ಹೊರಬರುವ ಎರಡು ವೈರುಗಳಲ್ಲಿ ಒಂದನ್ನು ಅದರೊಳಗೆ ಹೂಳಿದೆ. ಟ್ಯೂಬ್‌ಲೈಟಿನ ತಗಡಿನ ಪಟ್ಟಿಯನ್ನು ಕಿಟಕಿಯ ಕಬ್ಬಿಣದ ಸರಳಿಗೆ ಬಿಗಿದೆ. ಬಿಗಿಯುವಾಗ ಇನ್ನೊಂದು ವೈರಿನ ಸಿಪ್ಪೆ ಸುಲಿದು ತಗಡಿಗೆ ತಾಗಿದ್ದನ್ನು ನೋಡಲಿಲ್ಲ.

ನೆಂಟರಿಗೆಂದು ಅತ್ತೆ ನೆಲವನ್ನು ಸಗಣಿಯಿಂದ ಸಾರಿಸಿದ್ದರು, ಇನ್ನೂ ಆರಿರಲಿಲ್ಲ. ಮುಸ್ಸಂಜೆಗೆ ಗಂಡಿನವರು ಬಂದು, ಚಪ್ಪಲಿ ಬಿಟ್ಟು, ಕಾಲು ತೊಳೆದು, ಒದ್ದೆ ಕಾಲಲ್ಲೇ ಒಳಗೆ ಅಡಿಯಿಟ್ಟರು. ನಾನು ಸ್ವಿಚ್ ಒತ್ತಿದೆ. ಮನೆಯೆಲ್ಲ ಬೆಳಗಿತು!

ಗಂಡಿನ ತಾಯಿ ಚಾಪೆಯ ಮೇಲೆ ಕೂರುವ ಮುನ್ನ ಆಸರೆಗೆ ಕಿಟಕಿಯ ಸರಳು ಹಿಡಿದರು. ಹಿಡಿದವರು ಬಿಡಲಿಲ್ಲ.

“ಅಯ್ಯಯ್ಯಪ್ಪೋ! ಲೇ ಮಗ, ಕಿಟ್ಕಿ ನನ್ನ ಇಡ್ಕಂಬುಡ್ತು ಕಣ್ಲಾ!”

ನಾನು ಓಮನ ನಿಯಮ ನೆನೆಯುತ್ತ ನಿಂತೆ. ಅಷ್ಟರಲ್ಲಿ ನಾಗರತ್ನ ಅಡುಗೆಮನೆಯಿಂದ ಮುದ್ದೆ ಕೋಲು ಹಿಡಿದು ಬಂದವಳೇ ಬ್ಯಾಟರಿಯ ವೈರಿಗೆ ಒಂದೇ ಏಟು ಕೊಟ್ಟು ಕಿತ್ತಳು. ಕತ್ತಲಾಯಿತು. ಮೂರನೆಯ ಗಂಡನ್ನು ನಾನೇ ಓಡಿಸಿದೆನಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

ಲಾಂದ್ರ ಬಂತು. ಗಂಡು ಬಗ್ಗಿ ಎಲ್ಲವನ್ನೂ ನೋಡಿದ. “ಪೆಟ್ಗೆ ಚೆಂದಾಗದೆ ಮೇಷ್ಟ್ರೇ. ಕರೆಂಟ್ಗೆ ನೆಲದ ಸವಾಸ ಬ್ಯಾಡ ಅಂತ್ಲೇ ಇದನ್ನ ಆಕೋದು. ನೀವು ಗುಂಡಿ ತೋಡಿ ನೆಲಕ್ಕೇ ಸೇರ್ಸಿದೀರಲ್ಲ. ಸುಮ್ನೆ ಬುಟ್ಟಿದ್ರೆ ಕರೆಂಟ್ಗೆ ನೆಲದಲ್ಲಿ ವಾಪಸ್ ಓಗೋ ದಾರಿನೇ ಇರ್ತಿರ್ಲಿಲ್ಲ, ಅವ್ವಂಗೆ ಏನೂ ಆಯ್ತಿರ್ಲಿಲ್ಲ.” ಆಮೇಲೆ ತಾಯಿಗೆ ಹೇಳಿದ: “ಅನುಮಾನ ಇದ್ರೆ ಬೆರಳ ಇಂಬದಿಯಿಂದ ಮುಟ್ನೋಡ್ಬೇಕು ಕಣವ್ವ, ಆಗ ಶಾಕ್ ಒಡುದ್ರೂ ಕೈ ಇಡ್ಕಳಾಕಿಲ್ಲ.”

ಆಕೆ ಅಂಗೈ ಉಜ್ಜಿಕೊಳ್ಳುತ್ತ, “ಅದಿರ್ಲಿ ಬುಡು. ಎಣ್ಣು ನಂಗೊಪ್ಗೆ. ಮೇಷ್ಟ್ರು ಯೋಚ್ನೆ ಮಾಡೋವಷ್ಟ್ರಲ್ಲಿ ನನ್ ಜೀವ ಉಳಿಸ್ತು” ಎಂದರು.

ಮದುವೆಗೆ ಬಾಡಿಗೆಯ ಪೆಟ್ರೋಮ್ಯಾಕ್ಸ್‌ಗಳು ಬಂದವು. ಅವುಗಳ ಬಳಿ ನಾನು ಸುಳಿಯದಂತೆ ಸರೋಜ ನನ್ನ ಕೈಗೆ ಎಲೆಅಡಿಕೆಯ ಹಿತ್ತಾಳೆ ತಟ್ಟೆ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದಳು. ಬಂದವರೆಲ್ಲ ನಗುತ್ತ ಎಲೆ ತೆಗೆದುಕೊಂಡರು. ಬೀಗಿತ್ತಿ ಮಾತ್ರ ಮೊದಲು ತಟ್ಟೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದರು.