ದನಿಗೆ ಕೊಟ್ಟ ಮೂರು ಅಂಕ

ಸಲಹೆ ಬೇಕಾದವರು ಗೆದ್ದವನ ಹತ್ತಿರ ಹೋಗುವುದಿಲ್ಲ, ಪೆಟ್ಟು ತಿಂದವನ ಹತ್ತಿರ ಬರುತ್ತಾರೆ. ಬಾವಿಗೆ ಬಿದ್ದವನಿಗೇ ಬಾವಿಯ ಆಳ ಗೊತ್ತು ಎಂಬ ಲೆಕ್ಕ ಇರಬೇಕು. ಹೋದ ವಾರ ನಮ್ಮ ಹೈಸ್ಕೂಲಿನ ಚಿತ್ರಕಲಾ ಮಾಸ್ತರರು ನನ್ನನ್ನು ಸ್ಟಾಫ್ ರೂಮಿನ ಮೂಲೆಗೆ ಕರೆದು, "ಸರ್, ಆ ಕಂಪ್ಯೂಟರ್ ಆಟದಾಗ ನಾನೂ ಒಬ್ಬ ಮನಶ್ಯಾನ್ನ ಹುಟ್ಟಸಬೇಕಂತ ಮಾಡೀನಿ. ಹೆಂಗ ಸುರು ಮಾಡೂದ್ರಿ?" ಎಂದು ಪಿಸುಗುಟ್ಟಿದರು. ನಾನು ಉತ್ತರಿಸುವ ಮೊದಲೇ ನನ್ನ ಬಟ್ಟಲಿನ ಚಹಾ ಹಾಜರಿ ಪುಸ್ತಕದ ಮೇಲೆ ಚೆಲ್ಲಿತು. ಅವರು ಗಾಬರಿಯಾದರು. ಅವರಿಗೆ ತೋಳದ ವಿಷಯ ಗೊತ್ತಿರಲಿಲ್ಲ.

ಆ ತೋಳ ಇದ್ದದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಆದರೂ ನಾನು ಈಗಲೂ ತರಗತಿಯಲ್ಲಿ ಕಪ್ಪು ಹಲಗೆಯ ಕಡೆಗೆ ತಿರುಗುವಾಗ ಒಮ್ಮೆ ಹಿಂದೆ ನೋಡಿಯೇ ತಿರುಗುತ್ತೇನೆ. ಮಕ್ಕಳು ನಾನು ಶಿಸ್ತಿನ ಮನುಷ್ಯ ಎಂದುಕೊಂಡಿದ್ದಾರೆ.

ಆಟ ಎಂಥದು ಎಂದರೆ, ಫೋನಿನ ತಂತಿಯ ಮೂಲಕ ಆಡುವಂಥದು. ಚಿತ್ರವಿಲ್ಲ, ಸದ್ದಿಲ್ಲ; ಕಪ್ಪು ಪರದೆ, ಹಸಿರು ಅಕ್ಷರ. 'ನೀನು ಹಳೆಯ ಬಾವಿಯ ಹತ್ತಿರ ನಿಂತಿದ್ದೀಯ, ಉತ್ತರಕ್ಕೆ ಕಾಡು' ಎಂದು ಪರದೆ ಹೇಳುತ್ತದೆ. 'ಉತ್ತರಕ್ಕೆ ನಡೆ' ಎಂದು ನಾವು ಬರೆಯಬೇಕು. ಎಲ್ಲೆಲ್ಲಿಯೋ ಕುಳಿತ ಜನ ಅದೇ ಹೊತ್ತಿಗೆ ಅದೇ ಕಾಡಿನಲ್ಲಿ ಅಡ್ಡಾಡುತ್ತಿರುತ್ತಾರೆ. ಒಳಗೆ ಹೋಗುವ ಮೊದಲು ನಮಗೊಬ್ಬ ಮನುಷ್ಯನನ್ನು ನಾವೇ ಮಾಡಿಕೊಳ್ಳಬೇಕು. ಅವನು ಸತ್ತರೆ ಸತ್ತ. ಮತ್ತೆ ಎಬ್ಬಿಸುವ ಹಾಗಿಲ್ಲ. ಇದನ್ನು ನನಗೆ ತೋರಿಸಿಕೊಟ್ಟವಳು ನಿಪ್ಪಾಣಿಯಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ವೈಶಾಲಿ. ಟೈಪಿಂಗ್ ಕಲಿಯಲು ರವಿವಾರಕ್ಕೊಮ್ಮೆ ಚಿಕ್ಕೋಡಿಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಬೆರಳು ಬೇಗ ಪಳಗಲಿ ಎಂದು ಅವಳು ಈ ಆಟ ಹಚ್ಚಿಕೊಟ್ಟಳು. ಬೆರಳು ಪಳಗಿದವು. ಎದೆ ಮಾತ್ರ ಇನ್ನೂ ಹೊಡೆದುಕೊಳ್ಳುತ್ತಿದೆ.

ಮೊದಲ ದಿನ ನನ್ನ ಜೊತೆ ಮಾಳಪ್ಪ ಮಾವ ಇದ್ದ. ನನ್ನ ತಾಯಿಯ ತಮ್ಮ; ಮುಗಳಖೋಡದ ಕಡೆಯ ಕುರಿಗಾರ. ಆ ದಿನಗಳಲ್ಲಿ ಅವನ ಹಿಂಡು ಕರೋಶಿಯ ಒಬ್ಬ ರೈತನ ಹೊಲದಲ್ಲಿ ಗೊಬ್ಬರಕ್ಕಾಗಿ ಬೀಡುಬಿಟ್ಟಿತ್ತು. ಕುರಿಗಳನ್ನು ಮಗನಿಗೆ ಒಪ್ಪಿಸಿ, ನಿಪ್ಪಾಣಿಯ ತಂಬಾಕು ತರಬೇಕೆಂದು ನನ್ನ ಬೆನ್ನು ಹತ್ತಿದ್ದ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು. ವೈಶಾಲಿ ಚಪ್ಪಲಿ ಹೊರಗೆ ಬಿಡಲು ಹೇಳಿದಳು. ಕೋಲಿನ ಬಗ್ಗೆ ಹೇಳಲು ಧೈರ್ಯ ಸಾಲಲಿಲ್ಲ.

ಪರದೆ ಮೊದಲು ಹೆಸರು ಕೇಳಿತು. ಇಲ್ಲಿಯೇ ನನ್ನ ಮೊದಲ ತಪ್ಪು. ಬೇರೆಯವರು ಗರುಡ, ಸಿಡಿಲು ಎಂದೆಲ್ಲ ಇಟ್ಟುಕೊಳ್ಳುತ್ತಾರಂತೆ. ನಾನೋ ಹುಟ್ಟಿದಾಗಿನಿಂದ ಅರ್ಜಿ ತುಂಬಿದವನು. ನಮ್ಮ ಕಡೆ ಅರ್ಜಿ ಎಂದರೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಈ ಕ್ರಮ ತಪ್ಪಬಾರದು. ಬಸವರಾಜ ಸಿದ್ರಾಮಪ್ಪ ಎಂದು ಶುರುಮಾಡಿದೆ. ಇಂಗ್ಲಿಷಿನ ಹನ್ನೆರಡು ಅಕ್ಷರಕ್ಕೆ ಪರದೆ ಸಾಕೆಂದಿತು. ಹೀಗೆ ಆ ಲೋಕದಲ್ಲಿ ನಾನು 'ಬಸವರಾಜಸಿದ್' ಆಗಿ, ನನ್ನ ತಂದೆ ಅರ್ಧಕ್ಕೆ ಕಡಿದುಹೋದರು. ಎತ್ತರ, ತೂಕ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಮೈಕಟ್ಟು ಎಂಬಲ್ಲಿ 'ಸಣಕಲು' ಆರಿಸಿದೆ. ಸುಳ್ಳು ಬರೆದರೆ ಮುಂದೆ ಯಾರಾದರೂ ತಪಾಸಣೆಗೆ ಬಂದಾರು ಎಂಬ ಭಯ.

ಮಾವ ಹಿಂದಿನಿಂದ ಬಗ್ಗಿ ನೋಡಿ ಕೇಳಿದ, "ಇಂವಾ ಯಾರೋ ಅಳಿಯಾ?"

"ನಾನ ಮಾವಾ."

"ನೀ ಇಲ್ಲೆ ಖುರ್ಚಿ ಮ್ಯಾಲ ಕುಂತೀಯಲ್ಲ. ಮತ್ತೊಬ್ಬ ಯಾಕ ಬೇಕಾದ? ಆತು, ಬಿಡು. ಹಲ್ಲ ಎಷ್ಟ ಅದಾವ ನೋಡಿಯೇನ? ಟಗರ ಆರಸೂ ಮುಂದ ಮೊದಲ ಬಾಯಿ ತಗದ ನೋಡಬೇಕು."

"ಹಲ್ಲ ಕೇಳಿಲ್ಲ ಮಾವಾ. ಇಪ್ಪತ್ತ ಅಂಕ ಕೊಟ್ಟಾರ. ಬಲ, ವೇಗ, ಬುದ್ಧಿ, ದನಿ, ನಾಕಕ್ಕೂ ಹಂಚಬೇಕು."

ವೈಶಾಲಿ ಬಂದು, "ಸರ್, ಸುರುವಿಗೆ ಬಲಕ್ಕ ಜಾಸ್ತಿ ಹಾಕ್ರಿ. ನಾನೂ ಹಂಗ ಮಾಡೀನಿ, ಆರಾಮ ಅದೀನಿ" ಎಂದಳು. ಬಿ.ಎಸ್ಸಿ. ಓದಿದ ನನಗೆ ಈ ಮಾತು ರುಚಿಸಲಿಲ್ಲ. ಇಪ್ಪತ್ತಕ್ಕೆ ಇಪ್ಪತ್ತನ್ನೂ ಬುದ್ಧಿಗೆ ಹಾಕಿದೆ. ಮಾವ ಕೋಲಿನಿಂದ ಮೆಲ್ಲಗೆ ನನ್ನ ಕಾಲಿಗೆ ತಟ್ಟಿದ.

"ತ್ವಾಳ ಬಂದ್ರ ಅದಕ್ಕ ಗಣಿತ ಕಲಸಾಂವೇನ? ದನಿಗೆ ಹಾಕಲೇ."

"ಇದು ಟೈಪ್ ಮಾಡೂ ಆಟ ಮಾವಾ. ಇದರಾಗ ದನಿ ಯಾತಕ್ಕ?"

"ಯಾತಕ್ಕಂದ್ರ?" ಎಂದು ಮಾವ ನನ್ನನ್ನೇ ನೋಡಿದ. ನಾನು ಕಣ್ಣು ತಪ್ಪಿಸಿ, ಬುದ್ಧಿಯಿಂದ ಮೂರು ಅಂಕ ಕಿತ್ತು ದನಿಗೆ ಹಾಕಿದೆ. ಹಿರಿಯರ ಮಾತು ಮೀರಬಾರದೆಂದು ಹಾಗೆ ಮಾಡಿದೆ ಎಂದು ವೈಶಾಲಿಗೆ ಹೇಳಿದೆ. ಅದು ಸುಳ್ಳು. ನಿಜ ಹೇಳಬೇಕಾದರೆ ಹದಿಮೂರು ವರ್ಷ ಹಿಂದೆ ಹೋಗಬೇಕು.

ಆಗ ನಾನು ಕಾಲೇಜಿನಲ್ಲಿದ್ದೆ. ರಜೆಗೆ ಮಾವನ ಹಟ್ಟಿಗೆ ಹೋಗಿದ್ದೆ. ಇನ್ನೂ ಹೊತ್ತು ಮುಳುಗಿರಲಿಲ್ಲ. ಕುರಿಗಳು ಇದ್ದಕ್ಕಿದ್ದಂತೆ ಒಂದೇ ಮುದ್ದೆಯಾಗಿ ಕೂಡಿಕೊಂಡವು. ಹಳ್ಳದ ಜಾಲಿಯ ಮರೆಯಿಂದ ಒಂದು ತೋಳ ಬಂದು, ಹತ್ತು ಮಾರು ದೂರದಲ್ಲಿ, ಯಾವ ಅವಸರವೂ ಇಲ್ಲದೆ ನಿಂತಿತು. ಮಾವ ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ದೊಡ್ಡವನಾಗಿ ನಿಂತ. "ಬಸೂ, ಒದರು! ಹಳ್ಳದ ಆಚಿಗೆ ಮಂದಿ ಅದಾರ, ಒದರು!" ಎಂದ. ನಾನು ಬಾಯಿ ತೆರೆದೆ. ಬಾಯಿ ತೆರೆದೇ ಇತ್ತು. ಅದರಿಂದ ಗಾಳಿ ಕೂಡ ಬರಲಿಲ್ಲ. ತೋಳ ಒಂದು ಮರಿಗೆ ಬಾಯಿ ಹಾಕಿತು, ಮಾವ ಮರಿಯನ್ನು ಜಗ್ಗಿದ, ತೋಳ ಮರಿ ಬಿಟ್ಟು ಮಾವನ ಎಡಗೈ ಹಿಡಿಯಿತು. ಅವನೇ ಹೊಡೆದ, ಅವನೇ ಒದರಿದ, ಅವನ ದನಿಗೇ ಆಚೆಯ ಮಂದಿ ಓಡಿ ಬಂದರು. ಆ ಕೆಲವು ಗಳಿಗೆಯನ್ನು ನಾನು ಎಷ್ಟು ಸಲ ಮತ್ತೆ ನೋಡಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ಈ ಸಲವಾದರೂ ಒದರುತ್ತೇನೆ ಎಂದುಕೊಳ್ಳುತ್ತೇನೆ. ಒದರುವುದಿಲ್ಲ.

ಆದರೆ ಮಾವ ರಾಯಬಾಗದ ದವಾಖಾನೆಯಲ್ಲಿ ಕೈಗೆ ಹೊಲಿಗೆ ಹಾಕಿಸಿಕೊಳ್ಳುತ್ತಲೇ ನನ್ನ ತಾಯಿಗೆ ಏನು ಹೇಳಿದ ಗೊತ್ತೇ? "ನಿನ್ನ ಮಗಾ ಒದರಿದ್ದಕ್ಕ ನಾ ಉಳದ್ನಿ ಅಕ್ಕಾ." ಅಂದಿನಿಂದ ನಮ್ಮ ಬಳಗದಲ್ಲಿ ನಾನು ವೀರ. ನನಗೆ ಹೆಣ್ಣು ಕೊಡುವಾಗಲೂ ಈ ಮಾತು ಬಂದಿತ್ತು. ಮದುವೆ, ಜಾತ್ರೆ ಎಲ್ಲಿ ಹೋದರೂ "ತ್ವಾಳಕ್ಕ ಒದರಿದ ಬಸು ಇಂವನೇನು?" ಎಂದು ಮುದುಕಿಯರು ಗಲ್ಲ ಸವರುತ್ತಾರೆ. ಪಕ್ಕದಲ್ಲಿ ಮಾವ ಆ ಎಡಗೈಯಲ್ಲೇ ತಂಬಾಕು ತಿಕ್ಕುತ್ತ ಕುಳಿತಿರುತ್ತಾನೆ. ಚಿಕ್ಕೋಡಿಯ ಬಸ್ಸಿನಲ್ಲಿ "ಇಳಿಯುವವರಿದ್ದೇವೆ" ಎಂದು ಕಂಡಕ್ಟರನಿಗೆ ಕೂಗಿ ಹೇಳಲಾಗದೆ ತಿಂಗಳಿಗೆರಡು ಸಲ ಮುಂದಿನ ಸ್ಟಾಪಿನಿಂದ ನಡೆದು ಬರುವ ವೀರ ನಾನು.

ಇರಲಿ, ಆಟಕ್ಕೆ ಬರೋಣ. ಒಳಗೆ ಹೋದವನೇ ಸಂತೆ ಪೇಟೆಯಲ್ಲಿ ನಿಂತೆ. ಸುತ್ತಲೂ ಅಪರಿಚಿತರು. ಏನು ಮಾತಾಡಬೇಕೆಂದು ತಿಳಿಯದೆ, ಎದುರು ಬಂದವರಿಗೆಲ್ಲ ನಮ್ಮ ಕಡೆ ಕೇಳುವುದನ್ನೇ ಇಂಗ್ಲಿಷಿನಲ್ಲಿ ಕೇಳಿದೆ: ಊಟ ಆಯಿತೇ? 'ಕಬ್ಬಿಣದ ಮುಷ್ಟಿ' ಎಂಬ ಹೆಸರಿನ ದೈತ್ಯನೊಬ್ಬ, ತಾನು ಒಂದು ವರ್ಷದಿಂದ ಇಲ್ಲಿ ಇದ್ದೇನೆಂದೂ ಯಾರೂ ಇದನ್ನು ಕೇಳಿರಲಿಲ್ಲವೆಂದೂ ಬರೆದು, ಒಂದು ರೊಟ್ಟಿ ಕೊಟ್ಟ. ನಾನು ಹಸಿದಿದ್ದೇನೆ ಎಂದು ತಿಳಿದನೋ ಏನೋ. ಔಷಧಿ ಮಾರುವ ಒಬ್ಬಳು ನಿಜವಾಗಿಯೂ ಊಟ ಮಾಡಿಲ್ಲವೆಂದು ಹೇಳಿ, ಆಟ ಬಿಟ್ಟು ಎದ್ದು ಹೋಗಿ ತಿಂದು ಬಂದಳು. ಎಂಟು ರವಿವಾರ ಹೀಗೆ ಊಟ ವಿಚಾರಿಸುತ್ತಲೇ ಕಳೆದೆ. ಉಳಿದವರು ರಾಕ್ಷಸರನ್ನು ಕೊಂದು ದೊಡ್ಡವರಾದರು. ನನ್ನ ಸಣಕಲ ಹಾಗೆಯೇ ಇದ್ದ.

ಒಂಬತ್ತನೆಯ ರವಿವಾರ ಮಾವ ಮತ್ತೆ ತಂಬಾಕಿಗೆ ಬಂದಿದ್ದ. ಅವನಿಗೆ ತೋರಿಸೋಣವೆಂಬ ಹುರುಪಿನಲ್ಲಿ, ಅಂದೇ ಮೊದಲ ಬಾರಿ, ಪೇಟೆ ಬಿಟ್ಟು ಹಳೆಯ ಬಾವಿಗೆ ಬಂದು 'ಉತ್ತರಕ್ಕೆ ನಡೆ' ಎಂದು ಬರೆದೆ. ಎರಡು ಹೆಜ್ಜೆಗೆ ಪರದೆಯ ಮೇಲೆ ಒಂದು ಸಾಲು ಮೂಡಿತು: ಹತ್ತಿರದಲ್ಲಿ ಒಂದು ತೋಳ ನಿಂತಿದೆ.

ಅಷ್ಟೇ. ಆದರೆ ಅದು ಎಷ್ಟು ದೂರದಲ್ಲಿ ನಿಂತಿದೆ, ಹೇಗೆ ನಿಂತಿದೆ ಎಂದು ಪರದೆ ನನಗೆ ಹೇಳಬೇಕಾಗಿರಲಿಲ್ಲ. ಬೆರಳು ಮರಗಟ್ಟಿದವು. ತೋಳ ಕಚ್ಚಿತು ಎಂದು ಒಂದು ಸಾಲು ಬಂತು. ಇನ್ನೊಂದು ಬಂತು. ನನ್ನ ಹದಿನೇಳು ಅಂಕದ ಬುದ್ಧಿ, ಇದು ತೋಳ ಎಂದು ಖಚಿತಪಡಿಸಿ ಸುಮ್ಮನಾಯಿತು.

"ಏನಾತೋ? ಯಾಕ ಬೆವತೀಯೋ?" ಎಂದ ಮಾವ.

"ತ್ವಾಳ, ಮಾವಾ."

ಅವನು ನಗಲಿಲ್ಲ. ಕೋಲು ಗೋಡೆಗೆ ಒರಗಿಸಿ ನನ್ನ ಹೆಗಲ ಮೇಲೆ ಕೈ ಇಟ್ಟ. ಅದೇ ಎಡಗೈ. "ಒದರಾಕ ಬರ್ತೈತೇನ ಇದರಾಗ?"

"ಬರ್ತೈತಿ."

"ಹಂಗಾರ ಒದರು. ಹದಿಮೂರ ವರ್ಷಾತು, ನಿನ್ನ ಸಲವಾಗಿ ಊರ ತುಂಬ ಸುಳ್ಳ ಹೇಳಕೋಂತ ಬಂದೀನಿ. ಇವತ್ತರ ಅದನ್ನ ಖರೇ ಮಾಡಲೇ!"

ನನ್ನ ಬೆರಳು ಕೀಲಿಗಳ ಮೇಲೆ ಬಿದ್ದವು. ಇಂಗ್ಲಿಷ್ ಅಕ್ಷರದಲ್ಲಿ ಬಂದದ್ದು ಮಾತ್ರ ನಮ್ಮ ಹಟ್ಟಿಯ ಮಾತು: 'ಯಪ್ಪಾ, ತ್ವಾಳ ಬಂತ್ರೋ! ಬರ್ರೋ!' ದನಿಗೆ ಮೂರು ಅಂಕ ಇದ್ದದ್ದರಿಂದ ಅದು ಕಾಡು ದಾಟಿ ಪೇಟೆಯವರೆಗೆ ಕೇಳಿಸಿತಂತೆ. ಸೊನ್ನೆ ಇದ್ದಿದ್ದರೆ ತೋಳಕ್ಕೆ ಮಾತ್ರ ಕೇಳುತ್ತಿತ್ತು. ಅಷ್ಟರಲ್ಲಿ ವೈಶಾಲಿಗೆ ಇನ್ನೊಂದು ಅಪಾಯ ಹೊಳೆಯಿತು. ಕೆಳಗಿನ ಮನೆಯಲ್ಲಿ ಅವಳ ತಾಯಿ ಫೋನ್ ಎತ್ತಿದರೆ ಇಲ್ಲಿ ಸಂಪರ್ಕ ಕಡಿಯುತ್ತದೆ. ನಾವು ಹೊರಗೆ ಬಿದ್ದರೂ ಸಣಕಲ ಅಲ್ಲಿಯೇ ನಿಂತು ಕಚ್ಚಿಸಿಕೊಳ್ಳುತ್ತಾನೆ. ಅವಳು ಮೆಟ್ಟಿಲಿಗೆ ಓಡಿ, "ಆಯೀ, ಫೋನ್ ಮುಟ್ಟಬ್ಯಾಡ! ಸರ್ ಅವರನ್ನ ತ್ವಾಳ ಹಿಡದೈತಿ!" ಎಂದು ಕಿರುಚಿದಳು. ಆಯಿ ಅರಿಸಿನದ ಡಬ್ಬಿ ಹಿಡಿದು ಮೇಲೆ ಓಡಿ ಬಂದರು.

ಪರದೆಯ ಮೇಲೆ ಯಾರೋ ಬರೆದರು, ಇಂಗ್ಲಿಷ್ ಅಕ್ಷರದಲ್ಲಿ, ಮರಾಠಿ ಮಾತು: 'ಕುಠೆ ಆಹೇಸ?' ಎಲ್ಲಿದ್ದೀಯ? ಯಾರೆಂದು ಗೊತ್ತಿಲ್ಲ, ಗಡಿಯ ಕೊಗನೊಳ್ಳಿ ದಾಟಿದ ಆಚೆಯವನಂತೂ ಹೌದು. ನನ್ನ ಹೆಸರು ನೋಡಿಯೇ ಗಡಿಯ ಕಡೆಯವನೆಂದು ಗುರುತು ಹಿಡಿದಿರಬೇಕು. 'ಬಾವಿಯ ಉತ್ತರಕ್ಕೆ' ಎಂದು ಮರಾಠಿಯಲ್ಲೇ ಬರೆದೆ. ಅವನು ಅದನ್ನು ಇಂಗ್ಲಿಷಿಗೆ ತಿರುಗಿಸಿ ಎಲ್ಲರಿಗೂ ಸಾರಿದ: ಊಟ ಕೇಳುವವನನ್ನು ತೋಳ ಹಿಡಿದಿದೆ!

ಆಮೇಲೆ ಬಂದ ಸಾಲುಗಳನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಕಬ್ಬಿಣದ ಮುಷ್ಟಿ ಬಂದ. ಔಷಧಿಯವಳು ಬಂದಳು. ಆ ಮರಾಠಿಯವನು ಬಂದ. ಇನ್ನೂ ನಾಲ್ವರು ಬಂದರು, ಎಲ್ಲರೂ ನಾನು ಊಟ ಕೇಳಿದವರೇ. ಇನ್ನೊಂದು ಕಡಿತಕ್ಕೆ ಸಾಯಬೇಕಾಗಿದ್ದ ಸಣಕಲನ ಸುತ್ತ ನಿಂತರು. ತೋಳ ಓಡಿಹೋಯಿತು ಎಂದು ಪರದೆ ಹೇಳಿತು. ಔಷಧಿಯವಳು ಗಾಯಕ್ಕೆ ಪಟ್ಟಿ ಕಟ್ಟಿ, ನಿನ್ನ ಊಟ ಆಯಿತೇ ಎಂದು ಕೇಳಿದಳು. ನಾನು ಹತ್ತಿಪ್ಪತ್ತು ಸಲ ಕೃತಜ್ಞತೆ ಬರೆದೆ. ಪ್ರತಿ ಸಲವೂ ಅಕ್ಷರ ತಪ್ಪಿದವು. ಕಣ್ಣು ಮಂಜಾಗಿದ್ದಕ್ಕೆ ನಾನು ಕಾರಣ ಹೇಳುವ ಮೊದಲೇ ಆಯಿ ನನ್ನ ಹಣೆಗೆ ಅರಿಸಿನ ಮೆತ್ತಿ, ಗಾಯ ಎಲ್ಲಿದೆ ಎಂದು ಅಂಗಿಯ ತೋಳು ಮಡಚಿ ಹುಡುಕುತ್ತಿದ್ದರು. ಗಾಯ ಸಿಗಲಿಲ್ಲ. ಮಾವನ ಕೈ ಕಂಡು, "ಅಗಬಾಯೀ, ಇಲ್ಲೈತಲ್ಲ!" ಎಂದು ಅಲ್ಲಿಗೂ ಮೆತ್ತಿದರು.

"ಹಳೇದು ಐತ್ರಿ ಅವ್ವಾರ. ಇರ್ಲಿ, ಹಚ್ಚರಿ," ಎಂದ ಮಾವ. ಬಸ್ ಸ್ಟ್ಯಾಂಡಿಗೆ ಬರುವಾಗ ಅವನು ಒಂದೇ ಮಾತು ಆಡಿದ: "ಸುಳ್ಳಿನ ಭಾರ ಇಳೀತ ನೋಡಪಾ. ಕಂಬಳಿಗಿಂತ ವಜ್ಜಿ ಇತ್ತದು."

ಇಷ್ಟನ್ನು ಚಿತ್ರಕಲಾ ಮಾಸ್ತರರಿಗೆ ಹೇಳಿ ಮುಗಿಸುವಷ್ಟರಲ್ಲಿ ಎರಡು ಪಿರಿಯಡ್ ಕಳೆದಿದ್ದವು. ಅವರು ತಮ್ಮ ಪುಟ್ಟ ವಹಿಯಲ್ಲಿ ಬರೆದುಕೊಂಡದ್ದು ಎರಡೇ ಸಾಲು: ದನಿಗೆ ಅಂಕ ಹಾಕುವುದು. ಎಲ್ಲರ ಊಟ ಕೇಳುವುದು. ಆಮೇಲೆ ತಲೆಯೆತ್ತಿ, "ಈಗ ಬಸ್ಸಿನಾಗ ಒದರತೀರೇನ್ರಿ ಸರ್?" ಎಂದರು. ಕಲಾವಿದರ ಕಣ್ಣು ಬಹಳ ಚೂಪು.

ಒದರುತ್ತೇನೆಂದೇ ನಾನೂ ನಂಬಿದ್ದೆ. ಮೊನ್ನೆ ನಿಪ್ಪಾಣಿಯಿಂದ ಬರುವಾಗ ಪಕ್ಕದ ಸೀಟಿನ ಅಜ್ಜಿಗೆ ರೂಢಿಯಂತೆ ಊಟ ಆಯಿತೇ ಎಂದು ಕೇಳಿ, ಅವರ ಬುತ್ತಿಯಲ್ಲಿ ಏನೇನಿತ್ತೆಂದು ಪೂರ್ತಿ ತಿಳಿದುಕೊಂಡೆ. ನನ್ನ ಸ್ಟಾಪು ಹತ್ತಿರವಾಗುತ್ತಿತ್ತು. ಈ ಸಲ ತಡವಾಗಬಾರದೆಂದು ಮೊದಲೇ ಅರ್ಧ ಎದ್ದು, ಕಂಡಕ್ಟರನ ಕಡೆ ತಿರುಗಿ ಎದೆ ತುಂಬ ಉಸಿರು ತೆಗೆದುಕೊಂಡೆ. ಬಾಯಿ ತೆರೆಯಿತು. ದನಿ ಬರಲಿಲ್ಲ, ಬೆರಳು ಮಾತ್ರ ಮುಂದಿನ ಸೀಟಿನ ಸರಳಿನ ಮೇಲೆ ಟಪಟಪನೆ ಕುಣಿದವು. ಅಜ್ಜಿ ಒಮ್ಮೆ ನನ್ನ ಬೆರಳು ನೋಡಿದರು, ಒಮ್ಮೆ ಮುಖ ನೋಡಿದರು. ಆಮೇಲೆ ಎದ್ದು ನಿಂತು, ಇಡೀ ಬಸ್ಸು ನಡುಗುವಂತೆ, "ಏ ಕಂಡಕ್ಟರಾ! ನಿಲ್ಲಸೋ ಯಪ್ಪಾ! ಈ ಮಾಸ್ತರ ಇಳೀಬೇಕಂತ, ಪಾಪ ಒದರಾಕ ಬಾಯಿ ಬರೂದಿಲ್ಲ ಅವರಿಗೆ!" ಎಂದು ಒದರಿದರು.

ಬಸ್ಸು ಗಕ್ಕನೆ ನಿಂತಿತು. ಎಲ್ಲರೂ ದಾರಿ ಬಿಟ್ಟರು, ಒಬ್ಬರು ನನ್ನ ಚೀಲ ಇಳಿಸಿಕೊಟ್ಟರು. ನನ್ನ ಸ್ಟಾಪು ಇನ್ನೂ ಒಂದು ಮೈಲಿ ಮುಂದಿತ್ತು. ಆದರೆ ಅಷ್ಟು ಅಕ್ಕರೆಯಿಂದ ಒದರಿದವರಿಗೆ ಆ ಮಾತು ಹೇಳಲು ಮತ್ತೆ ದನಿಯೇ ಬೇಕಲ್ಲ. ಕೈ ಮುಗಿದು ಇಳಿದು, ನಡೆದೆ.