ಅಕ್ಕನ ಬೈಗುಳದ ಅಪ್‌ಡೇಟ್

ಪ್ರೋಗ್ರಾಂ ಬರೆಯುವವರಿಗೆ ಒಂದು ಚಪಲವಿರುತ್ತದೆ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್ ಮಾಡಿದವರು ದಪ್ಪನೆಯ ಕೈಪಿಡಿ ಬರೆದು, ಇದರಲ್ಲಿರುವುದನ್ನು ಬಳಸಿ, ಅದಕ್ಕೆ ನಾವು ಹೊಣೆ ಎಂದಿರುತ್ತಾರೆ. ನಮಗೆ ಮಾತ್ರ ಕೈಪಿಡಿಯಲ್ಲಿ ಇಲ್ಲದ್ದೇ ಬೇಕು. ಅವರು ತಮ್ಮ ಉಪಯೋಗಕ್ಕೆಂದು ಒಳಗೆಲ್ಲೋ ಬಚ್ಚಿಟ್ಟುಕೊಂಡ ಆಜ್ಞೆಯೊಂದು ಕೈಗೆ ಹತ್ತಿದರೆ, ನೆಂಟರ ಮನೆಯ ಅಟ್ಟದಲ್ಲಿ ಉಂಡೆಯ ಡಬ್ಬಿ ಸಿಕ್ಕಷ್ಟು ಸಂತೋಷ. ಅಥಣಿಯಲ್ಲಿ ಕುಳಿತು ಅಂಗಡಿಕಾರರಿಗೆ, ಶಾಲೆಯವರಿಗೆ ಪ್ರೋಗ್ರಾಂ ಬರೆದುಕೊಡುವ ನಾನೂ ಅಂಥವನೇ. ಒಮ್ಮೆ ಮಾತ್ರ ಅಂಥ ಬಚ್ಚಿಟ್ಟ ಆಜ್ಞೆಯನ್ನು ಚಪಲಕ್ಕಲ್ಲದೆ ಅಕ್ಕನಿಗಾಗಿ ಬಳಸಿದೆ.

ನನ್ನ ಅಕ್ಕ ಪದ್ಮಕ್ಕ ಮದುವೆಯಾಗಿ ಮಹಾರಾಷ್ಟ್ರದ ಗಡಿಗೆ ಅಂಟಿದ ಕಾಗವಾಡ ಸೇರಿದವಳು. ಗಂಟಲಿಗೆ ದೊಡ್ಡ ಆಪರೇಷನ್ ಆಗಿ ಅವಳ ದನಿ ಹೋಯಿತು. ದ್ರಾಕ್ಷಿ ತೋಟದ ಈ ತುದಿಯಲ್ಲಿ ನಿಂತು ಆ ತುದಿಯವರನ್ನು ಬೈಯುತ್ತಿದ್ದ ದನಿ ಅದು. ಅವ್ವ ಬೇಗ ತೀರಿಹೋದದ್ದರಿಂದ ನಾನು ಬೆಳೆದದ್ದೇ ಆ ಬೈಗುಳದ ನೆರಳಿನಲ್ಲಿ. ಟೈಪ್ ಮಾಡಿದ್ದನ್ನು ಗಟ್ಟಿಯಾಗಿ ಓದುವ ಪ್ರೋಗ್ರಾಂ ಒಂದನ್ನು ಅವಳಿಗಾಗಿ ಬರೆಯಲು ಕುಳಿತೆ. ಕೈಪಿಡಿಯ ಪ್ರಕಾರ ಒಂದು ವಾಕ್ಯಕ್ಕೆ ಒಂದೇ ಭಾಷೆ. ಅಕ್ಕನ ವಾಕ್ಯವೋ, ಕನ್ನಡದಲ್ಲಿ ಹೊರಟು ಮರಾಠಿಯಲ್ಲಿ ಒಂದು ಸುತ್ತು ಹಾಕಿ ಮತ್ತೆ ಕನ್ನಡಕ್ಕೆ ಬಂದು ಮುಟ್ಟುವಂಥದ್ದು. ಹುಡುಕಾಡುವಾಗ ಸಿಸ್ಟಮ್ಮಿನ ಹೊಟ್ಟೆಯೊಳಗೆ ಕೈಪಿಡಿಯಲ್ಲಿ ಸುಳಿವೇ ಇಲ್ಲದ ಆಜ್ಞೆಯೊಂದು ಸಿಕ್ಕಿತು. ಅದು ವಾಕ್ಯದ ನಡುವೆಯೇ ಭಾಷೆ ಬದಲಿಸುತ್ತಿತ್ತು, ಬೇಕಾದಲ್ಲಿ ದನಿ ಏರಿಸುತ್ತಿತ್ತು.

ನಿಪ್ಪಾಣಿಯಲ್ಲಿ ಇದೇ ಕಸುಬು ಮಾಡುವ ಗೆಳೆಯ ಸಂಜು ಎಚ್ಚರಿಸಿದ. "ಅದನ್ನ ನಂಬಬ್ಯಾಡಲೇ. ಕೈಪಿಡಿಯಾಗ ಇಲ್ಲದ್ದು ನಾಳೆ ಇರ್ತೈತಂತ ಏನ್ ಗ್ಯಾರಂಟಿ?" ನಾನು ಕೇಳಲಿಲ್ಲ.

ಮೊದಲ ದಿನ ಅಕ್ಕ ನನ್ನನ್ನು ಅಡಿಯಿಂದ ಮುಡಿಯತನಕ ನೋಡಿ ಟೈಪ್ ಮಾಡಿದಳು. ಪ್ರೋಗ್ರಾಂ ಹಾಕಿಕೊಟ್ಟಿದ್ದ ಅವಳ ಲ್ಯಾಪ್‌ಟಾಪ್ ಗದರಿತು: "ಕಾಯ್ ರೇ ತಮ್ಮಾ, ಚಪ್ಪಲಿ ಹಾಕ್ಕೊಂಡ ಒಳಗ ಬಂದೀಯಲ್ಲಾ, ಲಾಜ್ ವಾಟತ್ ನಾಹೀ ಕಾ ನಿನಗ?" ನಾಚಿಕೆಯಾಗುವುದಿಲ್ಲವೇ ಎಂಬುದು ಅಪ್ಪಟ ಮರಾಠಿಯಲ್ಲೇ ಬಂದಿತ್ತು. ಹೊರಗಿದ್ದ ಭಾವ, ತಮಗೇ ಬೈದಳೆಂದು ಓಡಿಬಂದರು. ಬೈದದ್ದು ತಮಗಲ್ಲವೆಂದು ತಿಳಿದ ಮೇಲೂ ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡರು.

ಕೆಲವು ತಿಂಗಳು ಮನೆ ಮನೆಯಂತಿತ್ತು. ಒಂದು ಮುಂಜಾನೆ ಸಿಸ್ಟಮ್ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡಿತು. ಭಾವನ ಫೋನು ಬಂತು. "ನಿಮ್ಮಕ್ಕ ಮತ್ತ ಸುಮ್ಮ ಆಗ್ಯಾಳೋ. ಲಗೂ ಬಾ." ಹೋಗಿ ನೋಡಿದರೆ ಆ ಆಜ್ಞೆಯನ್ನೇ ತೆಗೆದುಹಾಕಿದ್ದರು. ಕೈಪಿಡಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲದ ವಸ್ತು ಕಳೆದುಹೋಯಿತೆಂದು ಯಾರ ಹತ್ತಿರ ದೂರಲಿ? ಕೈಪಿಡಿಯಂತೆಯೇ ಹೊಸದಾಗಿ ಬರೆದುಕೊಟ್ಟೆ. ಭಾಷೆ ಬದಲಾದಲ್ಲೆಲ್ಲ ಅದು ನಿಂತು, ಉಸಿರೆಳೆದು, ಮೆತ್ತಗೆ ಮಾತಾಡುತ್ತಿತ್ತು. ಅಕ್ಕ ಕೇಳಿ ಮುಖ ಕಿವುಚಿ ಟೈಪ್ ಮಾಡಿದಳು: "ಇಕಿ ನಾ ಅಲ್ಲ. ಮಿರಜ ಸ್ಟೇಶನ್ನಿನಾಗ ಗಾಡಿ ಲೇಟ್ ಐತಿ ಅಂತ ಹೇಳೂ ಹೆಣ್ಮಗಳು."

ಕೊನೆಗೆ ನನ್ನ ಮನೆಯಲ್ಲಿ ಮೂಲೆಗೆ ಬಿದ್ದಿದ್ದ, ಅಪ್‌ಡೇಟ್ ಕಾಣದ ಹಳೆಯ ಲ್ಯಾಪ್‌ಟಾಪ್ ನೆನಪಾಯಿತು. ಅದರಲ್ಲಿ ಹಳೆಯ ಪ್ರೋಗ್ರಾಂ ಹಾಕಿ, ಇಂಟರ್ನೆಟ್ ಸೋಕದಂತೆ ಮಾಡಿ ಅಕ್ಕನ ಅಡಿಗೆಮನೆಯಲ್ಲಿಟ್ಟೆ. ಬ್ಯಾಟರಿ ಸತ್ತಿರುವುದರಿಂದ ಅದು ಗೋಡೆಯ ಪ್ಲಗ್ಗು ಬಿಟ್ಟು ಕದಲುವಂತಿಲ್ಲ. ಹೊರಗೆ ಹೋದಾಗ ಅವಳ ಮೊಬೈಲಿಗೆ ಹಾಕಿಕೊಟ್ಟ ಹೊಸ ಪ್ರೋಗ್ರಾಂನಲ್ಲಿ ಸ್ಟೇಶನ್ನಿನ ಹೆಣ್ಣುಮಗಳೇ ಮಾತಾಡಬೇಕು. "ಪದ್ಮಕ್ಕಾರು ಎಷ್ಟ ಶಾಂತ ಆಗ್ಯಾರ್ರಿ!" ಎಂದು ಓಣಿಯವರು ಹೊಗಳಿದಾಗ ಭಾವ ತಲೆ ತಗ್ಗಿಸಿ ನಿಲ್ಲುತ್ತಾರೆ.

ನಾನು ಪ್ರತಿ ಭಾನುವಾರ ಕಾಗವಾಡಕ್ಕೆ ಹೋಗುತ್ತೇನೆ. "ಐತವಾರಕ್ಕೊಮ್ಮಿ ಅದರಾಗ ಏನ್ ರಿಪೇರಿ ಇರ್ತೈತ್ರಿ?" ಎಂದು ಹೆಂಡತಿ ಕೇಳುತ್ತಾಳೆ. ಚೆಕ್ ಮಾಡಬೇಕಾಗುತ್ತದೆ ಎಂದು ಗಂಭೀರವಾಗಿ ಹೇಳುತ್ತೇನೆ. ಆ ಯಂತ್ರದಲ್ಲಿ ಬದಲಾಗುವುದು ಏನೂ ಇಲ್ಲವೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಕಳೆದ ವಾರ ಮಧ್ಯಾಹ್ನದ ಊಟಕ್ಕೆ ಬರುತ್ತೇನೆಂದು ಹೇಳಿ, ಬಸ್ ಸ್ಟ್ಯಾಂಡಿನಲ್ಲಿ ಬೇಕೆಂದೇ ಚಹಾ ಕುಡಿಯುತ್ತ ಕುಳಿತೆ. ಅಕ್ಕನಿಗೆ ಚೆನ್ನಾಗಿ ಸಿಟ್ಟು ಬಂದಿರಬೇಕು ಎನಿಸಿದ ಮೇಲೆಯೇ ಎದ್ದು ಅವಳ ಮನೆಯ ದಾರಿ ಹಿಡಿದೆ.